ಮಾತ್ರೆಯ ಹೆಸರಿಗೆ ಮೂರು ವಾಕ್ಯ

ಮಾರ್ಚ್ ೪, ಸೋಮವಾರ

ಇವತ್ತು 'ಅಟೋರ್ವಾಸ್ಟಾಟಿನ್' ನನ್ನ ಮೇಜಿಗೆ ಬಂತು. ಬಂತು ಅನ್ನುವುದಕ್ಕಿಂತ ನಾನೇ ಎಳೆದು ತಂದೆ ಅನ್ನುವುದು ಸರಿ. ನಮ್ಮ ಇಂಗ್ಲಿಷ್–ಕನ್ನಡ ನಿಘಂಟಿನ ಹೊಸ ಆವೃತ್ತಿಯ ಮೊದಲ ಅಕ್ಷರ ಮುಗಿಯುತ್ತ ಬಂದಿದೆ. ದೊಡ್ಡವರು (ಪ್ರಧಾನ ಸಂಪಾದಕರಿಗೆ ಕಚೇರಿಯಲ್ಲಿ ಬೇರೆ ಹೆಸರಿಲ್ಲ) ನನ್ನ ಪದಗಳ ಕಟ್ಟನ್ನು ತಿರುವಿ ಹಾಕಿ, ಕನ್ನಡಕ ಹಣೆಗೇರಿಸಿದರು.

"ಇದು ನಿಘಂಟೋ, ಔಷಧಿ ಅಂಗಡಿಯೋ?"

"ಮನೆಮನೇಲೂ ಇರೋ ಮಾತ್ರೆ, ಸಾರ್."

"ಮನೇಲಿದ್ರೆ ಸಾಲದಮ್ಮಾ, ಬಾಯಲ್ಲಿರಬೇಕು. ಮೂರು ವಾಕ್ಯ ತಂದುಕೊಡು, ಆಮೇಲೆ ನೋಡೋಣ."

ಮೂರು ವಾಕ್ಯ ಅವರು ಹಾಕಿದ ಕಟ್ಟಳೆ. ಹೊಸ ಪದವೊಂದು ಒಳಗೆ ಬರಬೇಕಾದರೆ ಸಾಮಾನ್ಯ ಜನ ಅದನ್ನು ತಾವಾಗಿ ಆಡಿದ್ದನ್ನು ನಾವು ಕಿವಿಯಾರೆ ಕೇಳಿರಬೇಕು, ಕೇಳಿದ ಹಾಗೆಯೇ ಚೀಟಿಯಲ್ಲಿ ಬರೆಯಬೇಕು. ಪತ್ರಿಕೆಯಲ್ಲಿ ಓದಿದ್ದು ಲೆಕ್ಕಕ್ಕಿಲ್ಲ. ಪ್ರಶ್ನೆ ಕೇಳಿ ಬಾಯಿ ಬಿಡಿಸುವ ಹಾಗೂ ಇಲ್ಲ. ಪಕ್ಕದ ಮೇಜಿನ ಕರಡು ತಿದ್ದುವ ಅಕ್ಕ, ಎಲ್ಲದಕ್ಕೂ ಕೊಕ್ಕೆ ಹಾಕುವುದರಿಂದ ನಮಗೆಲ್ಲ ಅವರು ಕೊಕ್ಕೆ ಅಕ್ಕ, ತಲೆ ಎತ್ತದೆಯೇ ಹೇಳಿದರು: "ಮೂರು ವಾಕ್ಯ ಸಿಗೋ ಹೊತ್ತಿಗೆ ನಮಗೆಲ್ಲ ಆ ಮಾತ್ರೆ ಬೇಕಾಗಿರುತ್ತೆ ಬಿಡು."

ಅರ್ಥ ಬರೆಯುವುದು ಸುಲಭವಾಯಿತು. ರಕ್ತದಲ್ಲಿ ಕೊಬ್ಬಿನ ಅಂಶವನ್ನು ಇಳಿಸುವ ಔಷಧಿ. ಹೃದಯದ ತೊಂದರೆ ಇದ್ದವರಿಗೆ ಸಾಮಾನ್ಯವಾಗಿ ದಿನವೂ ಕೊಡುವಂಥದ್ದು. ಹೆಸರಿನ ಬಾಲಕ್ಕೆ ತಡೆಯುವುದು, ನಿಲ್ಲಿಸುವುದು ಎಂಬರ್ಥದ ಹಳೆಯ ಬೇರು ಇದೆ. ತಲೆಗೆ ಯಾವ ಅರ್ಥವೂ ಇಲ್ಲ. ಒಂದೇ ಕುಟುಂಬದ ಬೇರೆ ಮಾತ್ರೆಗಳಿಂದ ಬೇರೆಯಾಗಿ ಕೇಳಿಸಲಿ ಅಂತ ಯಾರೋ ಕೂತು ಕಟ್ಟಿದ್ದು.

ಈ ಪದದ ಮೇಲೆ ನನಗೇಕೆ ಇಷ್ಟು ಹಟ? ಮನೆಯಲ್ಲಿದೆ, ಅದಕ್ಕೆ. ಕಳೆದ ವರ್ಷದ ಕೊನೆಯಲ್ಲಿ ನನ್ನ ಗಂಡ, ಮಕ್ಕಳಿಗೆ ಈಜು ಕಲಿಸುವವನು, ಈಜುಕೊಳದ ಅಂಚಿನಲ್ಲಿ ಸೀಟಿ ಬಾಯಲ್ಲಿಟ್ಟುಕೊಂಡೇ ಕುಸಿದು ಕೂತ. ಕೋಚ್ ತಮಾಷೆ ಮಾಡುತ್ತಿದ್ದಾರೆ ಅಂತ ಮಕ್ಕಳು ನಕ್ಕರಂತೆ. ಹೃದಯದ ಒಂದು ನಾಳ ಮುಚ್ಚಿಕೊಂಡಿತ್ತು. ಒಳಗೆ ಸಣ್ಣ ಜಾಲರಿ ಕೊಳವೆ ಇಟ್ಟು ಕಳಿಸಿದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಏನು ತಪ್ಪಿದ್ರೂ ಈ ಮಾತ್ರೆ ತಪ್ಪಬಾರದು," ಎಂದರು. ಅವತ್ತಿನಿಂದ ನನ್ನ ಒಂದು ಕಿವಿ ಸದಾ ಅವನ ಉಸಿರಿನ ಮೇಲೆ.

ಮಾರ್ಚ್ ೫, ಮಂಗಳವಾರ

ಊಟ ಆದ ಮೇಲೆ ಅವನು ಮಾತ್ರೆ ಕೈಗೆತ್ತಿಕೊಂಡು, "ಎಲ್ಲಿ, ನನ್ನ ಅಟೋ... ಅಟ್ಟಾರ್... ನಿನ್ನ ಮಾತ್ರೆಗೆ ನೀರು ಕೊಡು," ಎಂದ. ಹೇಗೆ ಹೇಳಬೇಕೆಂದು ಬಿಡಿಸಿ ಹೇಳಿಕೊಟ್ಟೆ.

"ಹೆಸರು ಸರಿಯಾಗಿ ಹೇಳಿದ್ರೆ ಕೊಬ್ಬು ಬೇಗ ಇಳಿಯುತ್ತಾ?"

ಮಗಳು ಅನ್ನದ ತಟ್ಟೆಯೊಳಗೆ ನಕ್ಕಳು. ನಾನೂ ನಕ್ಕೆ. ಆದರೆ ಅವನು ನುಂಗುವವರೆಗೆ ಅವನ ಗಂಟಲನ್ನೇ ನೋಡುತ್ತಿದ್ದೆ. ಅವನಿಗೂ ಅದು ಗೊತ್ತಾಯಿತು. ಬಾಯಿ ಅಗಲಿಸಿ ನಾಲಿಗೆ ತೋರಿಸಿದ.

ಮಾರ್ಚ್ ೯, ಶನಿವಾರ

ಬೆಳಗ್ಗೆ ಔಷಧಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತೆ, ಯಾರನ್ನೋ ಕಾಯುವವಳ ಹಾಗೆ. ಜನ ಬಂದರು, ಹೋದರು. ಒಬ್ಬರ ಬಾಯಲ್ಲೂ ಹೆಸರಿಲ್ಲ. "ಆ ಬಿಳಿದು ಕೊಡಿ." "ರಾತ್ರಿ ಮಾತ್ರೆ." "ನಮ್ಮ ಯಜಮಾನರ ಹಾರ್ಟಿಂದು." ಒಬ್ಬಾಕೆ ಬರೀ ಹೆಬ್ಬೆರಳು ತೋರುಬೆರಳು ಸೇರಿಸಿ ಅಳತೆ ತೋರಿಸಿದಳು. ಅಂಗಡಿಯವನು ಸರಿಯಾಗಿಯೇ ತೆಗೆದುಕೊಟ್ಟ.

ಅಷ್ಟು ಓದಿ ಕಟ್ಟಿದ ಹೆಸರು. ಆಡುವವರೇ ಇಲ್ಲ. ಕೊನೆಗೆ ಅಂಗಡಿಯವನೇ, "ಮೇಡಂ, ಮಾತ್ರೆ ಬೇಕಾ, ಬಸ್ ಬೇಕಾ?" ಎಂದ. ಎದ್ದು ಬಂದೆ.

ಮನೆಗೆ ಬಂದು ತೊಳೆದಿದ್ದ ಲೋಟಗಳನ್ನು ಮತ್ತೆ ತೊಳೆದೆ.

ಮಾರ್ಚ್ ೧೩, ಬುಧವಾರ

ಎರಡು ಮೂರು ದಿನದಿಂದ ಅವನು ಮೆಟ್ಟಿಲು ಹತ್ತುವಾಗ ಪಕ್ಕದ ಕಂಬಿ ಹಿಡಿಯುತ್ತಿದ್ದ. ಇವತ್ತು ಬಾಯಿ ಬಿಟ್ಟ.

"ಮೀನಖಂಡ ಹಿಡ್ಕೊಂಡ ಹಾಗಾಗುತ್ತೆ ಕಣೇ. ನೀರಿಗೆ ಇಳಿದ್ರೆ ಕಾಲು ನಂದಲ್ಲ ಅನ್ಸುತ್ತೆ. ಯಾರೋ ಮರಳು ತುಂಬಿಸಿ ಕಟ್ಟಿದ ಹಾಗೆ."

"ಮಾತ್ರೆಯಿಂದ ಅಂತೀಯಾ?"

"ಇನ್ಯಾತರಿಂದ? ಮೊದಲು ಇರಲಿಲ್ಲ."

ನಾನು ಈ ವಾರವಿಡೀ ಓದಿದ್ದೇ ಅದು. ಚೀಲದಿಂದ ನನ್ನ ಟಿಪ್ಪಣಿ ತೆಗೆದು ಓದಿ ಹೇಳಿದೆ. ಒಂದು ಅಧ್ಯಯನದಲ್ಲಿ ಅದೇ ಜನರಿಗೆ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಔಷಧಿಯೇ ಇಲ್ಲದ ಖಾಲಿ ಮಾತ್ರೆ ಕೊಟ್ಟಿದ್ದರು. ಖಾಲಿ ಮಾತ್ರೆ ನುಂಗಿದಾಗಲೂ ಹೆಚ್ಚುಕಡಿಮೆ ಅಷ್ಟೇ ತೊಂದರೆ ಆಯಿತಂತೆ. ಅಂದರೆ ಬಹುಪಾಲು ನೋವು, ಬರುತ್ತದೆ ಎಂದು ಕಾಯುವುದರಿಂದಲೇ ಬರುವುದು.

ಅವನು ಕೇಳಿಸಿಕೊಂಡ. ಕಾಲನ್ನು ಕುರ್ಚಿಯಿಂದ ಕೆಳಗಿಳಿಸಿದ. "ಹಾಗಿದ್ರೆ ನನ್ನ ಕಾಲಿಗೆ ಇಂಗ್ಲಿಷ್ ಓದಕ್ಕೆ ಬರುತ್ತೆ ಅನ್ನು," ಎಂದ.

ಸಮಾಧಾನವಾಯಿತು. ಗೊತ್ತಿಲ್ಲದಿದ್ದರೆ ಹೆದರಿಕೆ ಬೆಳೆಯುತ್ತದೆ, ಗೊತ್ತಾದರೆ ಇಳಿಯುತ್ತದೆ.

ಮಾರ್ಚ್ ೧೬, ಶನಿವಾರ

ಕಾಲು ನೋವಿನ ಮಾತಿಲ್ಲ. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಮಾರ್ಚ್ ೨೧, ಗುರುವಾರ

ಇನ್ನೂ ಒಂದು ವಾಕ್ಯವೂ ಸಿಕ್ಕಿಲ್ಲ. ದೊಡ್ಡವರು ಹೋಗುತ್ತ ಬರುತ್ತ, "ಏನಮ್ಮಾ, ನಿನ್ನ ಮಾತ್ರೆ ಕರಗಿತಾ?" ಎನ್ನುತ್ತಾರೆ.

ಅವನು ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದಾನೆ. ಸ್ನಾನದ ಮನೆಯಲ್ಲಿ ಹಾಡು. ಮುಂದಿನ ತಿಂಗಳು ಕೋಚುಗಳಿಗೆಲ್ಲ ಜೀವರಕ್ಷಣೆಯ ಪರೀಕ್ಷೆ: ಕೊಳದ ಆಳದಿಂದ ಮನುಷ್ಯನ ತೂಕದ ಬೊಂಬೆಯನ್ನು ಹೊತ್ತು, ಕೊಟ್ಟ ಸಮಯದೊಳಗೆ ದಡ ಸೇರಿಸಬೇಕು. ಪಾಸಾಗದವರು ಮತ್ತೆ ನೀರಿಗಿಳಿಯುವ ಹಾಗಿಲ್ಲ. ಅವರನ್ನು ಟಿಕೆಟ್ ಕಿಟಕಿಯಲ್ಲಿ ಕೂರಿಸುತ್ತಾರೆ. "ಆ ಕಿಟಕೀಲಿ ಕೂತ್ರೆ ನಾನು ಕೂತಲ್ಲೇ ಬೇರು ಬಿಡ್ತೀನಿ," ಎಂದು ಕಳೆದ ವರ್ಷವೂ ಹೇಳಿದ್ದ.

ಎಲ್ಲ ಸರಿಯಾಗಿದೆ. ಮಾತ್ರೆಯ ಹಾಳೆಯಲ್ಲಿ ದಿನಕ್ಕೊಂದರಂತೆ ಗುಳ್ಳೆಗಳು ಸಾಲಾಗಿ ಒಡೆದಿವೆ. ಆದರೂ ಇವತ್ತು ಕಚೇರಿಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿ ತೆರೆದೆ, ಮುಚ್ಚಿದೆ. "ನಿಂಗೇನು ಇರುವೆ ಬಿಟ್ಟಿದ್ದಾರಾ?" ಎಂದರು ಕೊಕ್ಕೆ ಅಕ್ಕ.

ಸಮಸ್ಯೆ ಇಲ್ಲದಾಗಲೂ ಹುಡುಕುವ ಚಟ ಇದು, ನನ್ನದು.

ಮಾರ್ಚ್ ೨೩, ಶನಿವಾರ

ಮಗಳು ಅಪ್ಪನ ಜೊತೆ ಈಜಲು ಹೋಗುವಾಗ ಮನೆಯ ಕೀ ಮರೆತಿದ್ದಳು. ಕೊಡಲು ಈಜುಕೊಳಕ್ಕೆ ಹೋದೆ. ತಿಂಗಳುಗಳಾಗಿತ್ತು ಅತ್ತ ಹೋಗಿ. ಒಳಗೆ ಕಾಲಿಟ್ಟರೆ ಕ್ಲೋರಿನ್ನಿನ ವಾಸನೆ, ಒದ್ದೆ ನೆಲ, ಮಕ್ಕಳ ಗದ್ದಲ. ಅವನು ನೀರಿನಲ್ಲಿದ್ದ. ದೂರದ ಅಂಚಿನಿಂದ ಈ ಕಡೆಗೆ ಬರುತ್ತಿದ್ದ, ಎರಡೂ ತೋಳು ಒಟ್ಟಿಗೆ ಎತ್ತಿ, ಎರಡೂ ಕಾಲು ಒಟ್ಟಿಗೆ ಒದ್ದು, ಮದುವೆಗೆ ಮುಂಚೆ ನನಗೆ ತೋರಿಸಲೆಂದೇ ಈಜುತ್ತಿದ್ದನಲ್ಲ, ಹಾಗೆ. ನೀರು ಅವನಿಗೆ ದಾರಿ ಬಿಡುತ್ತಿತ್ತು.

"ಅಪ್ಪ ಈಗ ಫುಲ್ ಫಾರ್ಮ್," ಎಂದಳು ಮಗಳು.

ಅಲ್ಲೇ ನಿಂತು ನೋಡಿದೆ. ಎಷ್ಟು ಖುಷಿಯಾಯಿತೆಂದರೆ ಕೀ ಕೊಡುವುದು ಮರೆತು ಹೊರಟವಳು ಬಾಗಿಲಿನಿಂದ ವಾಪಸ್ ಹೋಗಿ ಕೊಟ್ಟೆ.

ಬಸ್ಸಿನಲ್ಲಿ ಕೂತ ಮೇಲೆ ಖುಷಿ ಒಂದೊಂದೇ ನಿಲ್ದಾಣಕ್ಕೆ ಇಳಿದು ಹೋಗತೊಡಗಿತು. ಮರಳು ತುಂಬಿದ ಕಾಲು ನನ್ನ ಒಂದು ಟಿಪ್ಪಣಿಯಿಂದ ಇಷ್ಟು ಹಗುರಾಯಿತೇ? ಆಗಲೂಬಹುದು, ಅಧ್ಯಯನ ಹೇಳುವುದೂ ಅದನ್ನೇ ತಾನೆ?

ಮನೆಗೆ ಬಂದವಳೇ ಔಷಧಿ ಡಬ್ಬಿ ತೆಗೆದೆ. ಗುಳ್ಳೆಗಳು ಒಡೆದಿವೆ. ಮುಚ್ಚಿಟ್ಟೆ. ಮತ್ತೆ ತೆಗೆದೆ.

ಮಾರ್ಚ್ ೨೪, ಭಾನುವಾರ

ಬೆಳಗ್ಗೆ ಅವನು ಪಾತ್ರೆ ಒರೆಸುತ್ತಿದ್ದ. ಮಗಳು ಹೊರಗೆ ಹೋಗಿದ್ದಳು. ಸುತ್ತಿಬಳಸದೆ ಕೇಳಿದೆ.

"ಮಾತ್ರೆ ನಿಲ್ಸಿದೀಯಾ?"

ಅವನು ಕೈಯಲ್ಲಿದ್ದ ತಟ್ಟೆ ಒರೆಸಿ ಮುಗಿಸಿದ. "ಹೂಂ."

"ಯಾವಾಗಿಂದ?"

"ನೀನು ಆ ಟಿಪ್ಪಣಿ ಓದಿದೆಯಲ್ಲ, ಅದರ ಮಾರನೇ ದಿನದಿಂದ."

"ಮಾತ್ರೆ ಹಾಳೆ ಖಾಲಿ ಆಗ್ತಿದೆಯಲ್ಲ."

"ಸಿಂಕಿಗೆ ಹಾಕ್ತಿದ್ದೆ. ನಮ್ಮ ಸಿಂಕಿನ ಕೊಲೆಸ್ಟ್ರಾಲ್ ಚೆನ್ನಾಗಿ ಇಳಿದಿರ್ಬೇಕು."

ನನಗೆ ನಗು ಬರಲಿಲ್ಲ. ಏನೇನೋ ಅಂದೆ. ಒಳಗಿಟ್ಟ ಕೊಳವೆ ಮತ್ತೆ ಮುಚ್ಚಿಕೊಂಡರೆ? ಎರಡನೇ ಸಲ ಹೇಳಿಕೇಳಿ ಬರುವುದಿಲ್ಲ. ಮಗಳ ಮುಖ ನೋಡಿಯಾದರೂ... ನಾಲ್ಕು ಅಂಶ ಹೇಳಿದೆ, ಕ್ರಮವಾಗಿ. ಐದನೆಯದಕ್ಕೆ ಬಾಯಿ ತೆರೆದಾಗ ಅವನು ಬಟ್ಟೆಯನ್ನು ಕೊಡವಿ ಸರಳಿನ ಮೇಲೆ ಹಾಕಿದ.

"ನೀನು ಹೇಳೋದೆಲ್ಲ ಸರಿ ಕಣೇ. ಯಾವತ್ತು ತಪ್ಪು ಹೇಳಿದೀಯ? ಕಾಲು ನೋಯ್ತಿದೆ ಅಂದೆ. ನೀನು ನೋಯ್ತಿಲ್ಲ ಅಂತ ಓದಿ ಹೇಳಿದೆ. ಆಮೇಲೆ ನಾನು ಯಾರಿಗೆ ಹೇಳ್ಲಿ?"

"ನೋಯ್ತಿಲ್ಲ ಅನ್ಲಿಲ್ಲ ನಾನು. ಬಹುಪಾಲು ಜನಕ್ಕೆ ಅಂದೆ."

"ಬಹುಪಾಲು ಜನ ನಮ್ಮನೇಲಿಲ್ಲ. ಇರೋದು ಇದೊಂದೇ ಜೊತೆ ಕಾಲು." ತಟ್ಟೆಯನ್ನು ಕಪಾಟಿಗಿಟ್ಟು, ಮೆತ್ತಗೆ: "ಪರೀಕ್ಷೆ ಮುಗೀಲಿ. ಆಮೇಲೆ ನುಂಗ್ತೀನಿ. ಆಣೆ ಬೇಕಾದ್ರೆ ಇಡ್ತೀನಿ."

"ಅಷ್ಟು ದಿನ ಹಾಗೇ ಬಿಡಕ್ಕಾಗಲ್ಲ."

"ಆಗುತ್ತೆ. ಆಗ್ತಿದೆ."

ಮಧ್ಯಾಹ್ನವೆಲ್ಲ ಅವನು ಮಲಗಿದ್ದ ಕೋಣೆಯ ಬಾಗಿಲ ಬಳಿ ಓಡಾಡಿದೆ. ಎದೆ ಏರುತ್ತಿದೆ, ಇಳಿಯುತ್ತಿದೆ.

ಮಾರ್ಚ್ ೨೫, ಸೋಮವಾರ

ಡಾಕ್ಟರಿಗೆ ನಾನೇ ಫೋನ್ ಮಾಡಿ ಹೇಳಿಬಿಡಲೇ? ನಂಬರು ಒತ್ತಿದೆ, ಕತ್ತರಿಸಿದೆ. ಚಾಡಿ ಹೇಳಿದ ಹಾಗೆ. ಆದರೆ ಜೀವ ಹೋಗುವ ವಿಷಯದಲ್ಲಿ ಚಾಡಿಗೇಕೆ ಅಂಜಬೇಕು? ಅವನು ಮತ್ತೆಂದೂ ನನಗೆ ಏನನ್ನೂ ಹೇಳದಿದ್ದರೆ? ಈಗಲಾದರೂ ಏನು ಹೇಳುತ್ತಿದ್ದಾನೆ?

ಒಂದು ದಾರಿ ಹಿಡಿದರೆ ಇನ್ನೊಂದು ಕರೆಯುತ್ತದೆ. ಎರಡರ ನಡುವೆ ನಿಂತು ಸಂಜೆಯಾಯಿತು.

ಮಾರ್ಚ್ ೨೬, ಮಂಗಳವಾರ

ಇವತ್ತು ಕಾಲೇಜಿಗೆ ಹೊರಟ ಮಗಳು ಷೂ ಕಟ್ಟುತ್ತ ಹೇಳಿದಳು: "ನಿಂಗೆ ಏನಾದ್ರೂ ಹೇಳೋಕೇ ಸುಸ್ತಮ್ಮಾ. ಹೊಟ್ಟೆ ನೋವು ಅಂದ್ರೆ ನೀನು ಹೊಟ್ಟೆ ಮುಟ್ಟಲ್ಲ, ಹುಡುಕಿ ಓದ್ತೀಯ."

"ಓದೋದು ತಪ್ಪಾ?"

"ತಪ್ಪಲ್ಲ. ಆಮೇಲೆ ಓದು."

ಹದಿನೇಳರ ಹುಡುಗಿಯಿಂದ ಇಷ್ಟು ಕೇಳಿಸಿಕೊಳ್ಳಬೇಕೇ ಎನ್ನಿಸಿತು. ಬಾಗಿಲು ಹಾಕಿಕೊಂಡ ಮೇಲೆ, ಅವಳಿಗೆ ಹೊಟ್ಟೆ ನೋವು ಬಂದದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

ಮಾರ್ಚ್ ೨೮, ಗುರುವಾರ

ಊಟದ ಹೊತ್ತಿಗೆ ಕೊಕ್ಕೆ ಅಕ್ಕ ತಮ್ಮ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟರು. "ನಾಲ್ಕು ದಿನದಿಂದ ನೋಡ್ತಿದೀನಿ. ಒಂದೇ ಹಾಳೆ ಮಗುಚ್ತಿದೀಯ. ಏನು, ಗಂಡ ಹೊಡೆದನಾ, ನೀನು ಹೊಡೆದೆಯಾ?"

ಹೇಳಿದೆ. ಅಳಲಿಲ್ಲ, ಆದರೆ ಮಾತು ಕ್ರಮವಾಗಿ ಬರಲಿಲ್ಲ. ಹಿಂದುಮುಂದಾಗಿ ಹೇಳಿದೆ.

ಅವರು ಕೈ ಒರೆಸಿಕೊಂಡರು. "ನೋಡು, ನಾನೂ ಅಟೋರ್ವಾಸ್ಟಾಟಿನ್ ತಗೊಳ್ತಿದ್ದೆ, ತೊಡೆ ಎಲ್ಲ ಒನಕೇಲಿ ಕುಟ್ಟಿದ ಹಾಗಾಗೋದು. ನನ್ನ ತಂಗಿ ಅದನ್ನೇ ತಗೊಂಡು ಬೆಟ್ಟ ಹತ್ತುತ್ತಾಳೆ. ಡಾಕ್ಟ್ರಿಗೆ ಅಂದೆ. ಬೇರೆ ಕೊಟ್ರು, ಕಮ್ಮಿ ಪ್ರಮಾಣದಲ್ಲಿ. ಈಗ ನೆಟ್ಟಗಿದೀನಿ."

"ನೀವು ಯಾವತ್ತೂ ಹೇಳ್ಲೇ ಇಲ್ಲ."

"ನೀನು ಬೆಂಚಿನ ಮೇಲೆ ಕೂತು ಊರೋರ ಬಾಯಿ ನೋಡ್ತಿದ್ದೆ. ಪಕ್ಕದಲ್ಲಿರೋಳಿಗೆ ಬಾಯಿ ಇದೆ ಅಂತ ಗೊತ್ತಿತ್ತಾ ನಿಂಗೆ?" ಎಂದು ನಕ್ಕರು. ಆಮೇಲೆ ನಗು ಬಿಟ್ಟು, "ಹೋಗಿ ಡಾಕ್ಟ್ರಿಗೆ ತೋರ್ಸಿ ಅಂತ ಹೇಳು. ವಾದ ಮಾಡ್ಬೇಡ. ವಾದದಲ್ಲಿ ನೀನೇ ಗೆಲ್ತೀಯ, ಅದೇ ತೊಂದ್ರೆ."

ಅರ್ಧ ದಿನ ರಜೆ ಹಾಕಿ ಹೊರಟೆ. ಕೊಳದ ಹೊರಗಿನ ಸೈಕಲ್ ನಿಲ್ದಾಣದ ಬಳಿ ಅವನನ್ನು ಹಿಡಿದೆ. ಕೂದಲಿನಿಂದ ನೀರು ಇಳಿಯುತ್ತಿತ್ತು.

"ಕಾಲು ನೋಯೋದು ನಿಜ," ಎಂದೆ. "ನಾಳೆ ಡಾಕ್ಟ್ರ ಹತ್ರ ಹೋಗೋಣ. ಅವರೂ ಇಲ್ಲ ಅಂದ್ರೆ ಬೇರೆ ಡಾಕ್ಟ್ರು."

"ಅವರು ನಾಳೆಯಿಂದಾನೇ ಮಾತ್ರೆ ನುಂಗು ಅಂದ್ರೆ? ಪರೀಕ್ಷೆ?"

"ನಂಗೊತ್ತಿಲ್ಲ."

ಅವನು ನನ್ನ ಮುಖ ನೋಡಿದ, ಏನೋ ತಪ್ಪು ಕೇಳಿಸಿದ ಹಾಗೆ. ಟವೆಲಿನಿಂದ ತಲೆ ಒರೆಸಿಕೊಂಡ. "ಎಷ್ಟು ಗಂಟೆಗೆ?" ಎಂದ.

ಚೀಟಿ ಬರೆಯುವುದು ಮರೆತೇ ಹೋಯಿತು. ಅಕ್ಕ ಮಾತ್ರೆಯ ಹೆಸರು ಹಿಡಿದು ಆಡಿದ ವಾಕ್ಯ ಸರಿಯಾಗಿ ಹೇಗಿತ್ತೋ ಈಗ ನೆನಪಿಲ್ಲ. ಇಲ್ಲಿ ಬರೆದದ್ದು ಅಂದಾಜು. ಅಂದಾಜು ನಡೆಯುವುದಿಲ್ಲ.

ಮಾರ್ಚ್ ೨೯, ಶುಕ್ರವಾರ

ಡಾಕ್ಟರು, "ಏನು ತೊಂದ್ರೆ?" ಎಂದರು. ಎಂದಿನಂತೆ ನನ್ನ ಬಾಯಿ ಮುಂದೆ ಹೋಯಿತು. ಹಿಡಿದೆ. ಅವನೇ ನಿಧಾನವಾಗಿ ಹೇಳತೊಡಗಿದ. ಮರಳಿನ ಮಾತು ಹೇಳಿದ. ಸಿಂಕಿನ ಮಾತೂ ಹೇಳಿದ. ಪರೀಕ್ಷೆ, ಬೊಂಬೆ, ಟಿಕೆಟ್ ಕಿಟಕಿ. ಇನ್ನೊಂದು ಹೇಳಿದ, ನನಗೆ ಗೊತ್ತಿಲ್ಲದ್ದು. ಒಂದು ದಿನ ಆಳದಲ್ಲಿ ಕಾಲು ಹಿಡಿದುಕೊಂಡು, ಪಕ್ಕದಲ್ಲಿ ಕಲಿಯುತ್ತಿದ್ದ ಮಗು ನೀರು ಕುಡಿಯುವುದು ಕಾಣುತ್ತಿದ್ದರೂ ತಕ್ಷಣ ಹೋಗಲಾಗಲಿಲ್ಲವಂತೆ. ಬೇರೆ ಯಾರೋ ಎತ್ತಿದರಂತೆ. "ಆ ಮಗುಗೆ ಏನೂ ಆಗ್ಲಿಲ್ಲ," ಎಂದು ಎರಡು ಸಲ ಹೇಳಿದ.

ಡಾಕ್ಟರು ಬೈಯಲಿಲ್ಲ. "ನಿಲ್ಸಿದ್ದಕ್ಕಿಂತ ಹೇಳದೆ ನಿಲ್ಸಿದ್ದು ಅಪಾಯ," ಎಂದರು. ಸ್ನಾಯುವಿಗೆ ಪೆಟ್ಟಾಗಿದೆಯೇ ನೋಡಲು ರಕ್ತ ಪರೀಕ್ಷೆ ಮಾಡಿಸಿದರು, ಎದೆಗೆ ತಂತಿ ಅಂಟಿಸಿ ಟ್ರೆಡ್‌ಮಿಲ್ ಮೇಲೆ ನಡೆಸಿದರು. ವರದಿ ಚೆನ್ನಾಗಿದ್ದರೆ ಅದೇ ಕುಟುಂಬದ ಇನ್ನೊಂದು ಮಾತ್ರೆ, ಕಡಿಮೆ ಪ್ರಮಾಣ. ಈಜಬಹುದು, ಪರೀಕ್ಷೆಗೂ ಹೋಗಬಹುದು. "ಕಾಲು ಮತ್ತೆ ನೋಯಲ್ಲ ಅಂತ ನಾನು ಬರೆದುಕೊಡಕ್ಕಾಗಲ್ಲ. ನೋವಾದ್ರೆ ಹೇಳಿ. ಇನ್ನೂ ದಾರಿಗಳಿವೆ."

ಹೊರಗೆ ಬಂದು ಅವನು, "ನೀನು ಯಾಕೆ ಒಂದೂ ಮಾತಾಡ್ಲಿಲ್ಲ?" ಎಂದ. ಗಂಟಲು ಕಟ್ಟಿತ್ತು ಎಂದೆ.

ಏಪ್ರಿಲ್ ೨, ಮಂಗಳವಾರ

ವರದಿ ಚೆನ್ನಾಗಿದೆ. ಹೊಸ ಮಾತ್ರೆ ಶುರು.

ಏಪ್ರಿಲ್ ೬, ಶನಿವಾರ

ಔಷಧಿ ಡಬ್ಬಿಯನ್ನು ಅವನು ತನ್ನ ಮೇಜಿಗೆ ಒಯ್ದಿದ್ದಾನೆ. ಅಡುಗೆಮನೆಯ ಕಪಾಟಿನಲ್ಲಿ ಆ ಜಾಗ ಖಾಲಿ. ನಿಂತು ನೋಡಿದೆ. ಅವನ ಕೋಣೆಯವರೆಗೂ ಹೋಗಿ, ದೀಪದ ಸ್ವಿಚ್ಚು ಒರೆಸಿ ಬಂದೆ.

ಏಪ್ರಿಲ್ ೧೭, ಬುಧವಾರ

ದೊಡ್ಡವರು ಕೊನೆಯ ಕಟ್ಟು ಹಿಡಿದು ಬಂದರು. "ಏನಾಯ್ತಮ್ಮಾ ನಿನ್ನ ಮಾತ್ರೆ?"

"ಸಿಗಲಿಲ್ಲ ಸಾರ್. ಮುಂದಿನ ಆವೃತ್ತಿಗೆ ಇರಲಿ."

"ಜಗಳ ಆಡಲ್ವಾ?" ಅವರಿಗೆ ನಿರಾಸೆಯಾದ ಹಾಗಿತ್ತು. ಕೊಕ್ಕೆ ಅಕ್ಕ ಕೆಮ್ಮಿದರು.

ಚೀಟಿಯನ್ನು ಕಾಯುವ ಪದಗಳ ಪೆಟ್ಟಿಗೆಗೆ ಹಾಕಿ ಮುಂದಿನ ಅಕ್ಷರಕ್ಕೆ ಹೋದೆ. ನಾಳಿದ್ದಲ್ಲ ಆಚೆ ನಾಳಿದ್ದು ಪರೀಕ್ಷೆ.

ಏಪ್ರಿಲ್ ೨೦, ಶನಿವಾರ

ಕೊಳದ ಪಕ್ಕದ ಕಲ್ಲಿನ ಮೆಟ್ಟಿಲ ಮೇಲೆ ಮಗಳೂ ನಾನೂ ಕೂತೆವು. ಅವನಿಗಿಂತ ಮುಂಚೆ ಇಳಿದ ಇಬ್ಬರೂ ಹುಡುಗರು, ಮೀನಿನ ಹಾಗೆ ಹೋಗಿ ಬಂದರು. ಅವನು ಮುಳುಗಿದ. ನೀರು ಮುಚ್ಚಿಕೊಂಡಿತು. ಮಗಳು ನನ್ನ ಮಣಿಕಟ್ಟು ಹಿಡಿದಳು, ಉಗುರು ಊರುವ ಹಾಗೆ.

ಮೊದಲು ಬೊಂಬೆಯ ತಲೆ ಕಂಡಿತು, ಆಮೇಲೆ ಅವನದು. ನಿಧಾನ. ಎಡಗಾಲು ಸರಿಯಾಗಿ ಒದೆಯುತ್ತಿಲ್ಲ ಅಂತ ನನಗೂ ಕಾಣುತ್ತಿತ್ತು. ತೋಳಿನಿಂದಲೇ ಎಳೆದ. ಗಡಿಯಾರ ಹಿಡಿದ ಪರೀಕ್ಷಕರು ದಡದ ಉದ್ದಕ್ಕೂ ಅವನ ಜೊತೆ ನಡೆಯುತ್ತಿದ್ದರು. ಬೊಂಬೆಯನ್ನು ಅಂಚಿಗೆ ತಳ್ಳಿದಾಗ ಅವರು ಗಡಿಯಾರ ನೋಡಿ, ಮತ್ತೆ ನೋಡಿ, ತಲೆಯಾಡಿಸಿದರು. ಮಕ್ಕಳು ಕೂಗಿದ ಮೇಲೆಯೇ ನಮಗೆ ಅದು ಹೌದೋ ಅಲ್ಲವೋ ಗೊತ್ತಾದದ್ದು. ಪಾಸು. ಕೂದಲೆಳೆಯಲ್ಲಿ.

ಮೇಲೆ ಬಂದು ನನ್ನ ಪಕ್ಕ ಕೂತ. ನನ್ನ ಕುಪ್ಪಸದ ತೋಳೆಲ್ಲ ಒದ್ದೆಯಾಯಿತು. "ಬೊಂಬೆ ಬದುಕಿತು," ಎಂದ ಉಸಿರು ಬಿಡುತ್ತ.

ಮೇ ೫, ಭಾನುವಾರ

ಎಷ್ಟೋ ದಿನದಿಂದ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ, ಇವತ್ತೂ ಅಂಥದ್ದೇನಿಲ್ಲ.

ಬೆಳಗ್ಗೆ ಚಹಾ ಕುಡಿಯುವಾಗ ಅವನು ಪತ್ರಿಕೆಯಿಂದ ತಲೆ ಎತ್ತದೆ, "ಎಡಗಾಲು ಮತ್ತೆ ಸ್ವಲ್ಪ ಹಿಡ್ಕೊಳ್ತಿದೆ," ಎಂದ.

"ಎಲ್ಲಿ?"

ಕಾಲೆತ್ತಿ ನನ್ನ ಮಡಿಲ ಮೇಲಿಟ್ಟ. ಒತ್ತಿ ನೋಡಿದೆ.

"ಇಲ್ಲೇನಾ?"

"ಇನ್ನೂ ಕೆಳಗೆ. ಆ... ಅಲ್ಲೇ."

ಮಾಂಸ ಗಂಟು ಕಟ್ಟಿದ ಹಾಗೆ ಬಿಗಿಯಾಗಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕುತ್ತ ಕೂತೆ. ಅವನು ಪತ್ರಿಕೆಯ ಪುಟ ತಿರುವಿದ.

"ನಿನ್ನೆ ಮಾತ್ರೆ ತಗೊಂಡೆ," ಎಂದ. "ಮೊನ್ನೇನೂ."

"ನಾನು ಕೇಳ್ಲಿಲ್ಲ."

"ಅದಕ್ಕೇ ಹೇಳಿದ್ದು."

ನಾಳೆ ಡಾಕ್ಟರಿಗೆ ಫೋನ್ ಮಾಡುತ್ತಾನಂತೆ. ಚಹಾ ಆರಿ ತಣ್ಣಗಾಗಿತ್ತು, ಹಾಗೇ ಕುಡಿದೆವು.